ಹದಿನಾಲ್ಕು ಗಿಡಗಳಿಗೆ ಎರಡು ಹೊತ್ತು ನೀರು

ಪಾರ್ವತಿನಗರ, ಬಳ್ಳಾರಿ
೨೮-೩-೧೯೭೬

ಸೌಭಾಗ್ಯವತಿ ದಾಕ್ಷಾಯಣಮ್ಮನಿಗೆ, ನಿನ್ನ ಗಂಡ ಗವಿಸಿದ್ದಪ್ಪ ತಲೆ ತಗ್ಗಿಸಿ ಬರೆಯುವ ಪತ್ರ.

ತಲೆ ತಗ್ಗಿಸಿ! ಇಪ್ಪತ್ತೆರಡು ವರ್ಷ ಕಂಪನಿ ನಾಟಕದಲ್ಲಿ ಕಿರೀಟ ಹೊತ್ತ ತಲೆ ಇದು. ಗ್ಯಾಸ್‌ಲೈಟು ಆರಿಹೋದ ದಿನವೂ ಬರೀ ಕಂಠದಿಂದ ಕೊನೆಯ ಸಾಲಿನವನನ್ನು ಎಬ್ಬಿಸಿ ಕೂರಿಸಿದವನು ನಾನು. ಇವತ್ತು ನಿನ್ನೆದುರು ನಿಂತು ಹೇಳುವ ಧೈರ್ಯವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹಿಂದಿನ ಎರಡು ಪತ್ರಗಳಲ್ಲಿ, ಅಂಗಳ ನಂದನವನದಂತಿದೆ, ನಿನ್ನ ಗಿಡಗಳು ನಳನಳಿಸುತ್ತಿವೆ ಎಂದು ಬರೆದಿದ್ದೆ. ಸುಳ್ಳು. ಎರಡೂ ಸುಳ್ಳು. ಇನ್ನು ನಿಜ ಹೇಳುತ್ತೇನೆ. ನಿಂತು ಓದುತ್ತಿದ್ದರೆ ಕೂತುಕೋ.

ಸತ್ತವು, ದಾಕ್ಷಾಯಣಿ. ಹದಿನಾಲ್ಕಕ್ಕೆ ಹದಿನಾಲ್ಕೂ ಸತ್ತವು.

ನೀನು ಸಿರುಗುಪ್ಪದ ಶಾಲೆಗೆ ವರ್ಗ ಮಾಡಿಸಿಕೊಂಡು ಹೊರಟ ದಿನ ಬಸ್ಸಿನ ಕಿಟಕಿಯಿಂದ ಹೇಳಿದ್ದು ಅಕ್ಷರಕ್ಕೆ ಅಕ್ಷರ ನೆನಪಿದೆ. ಮಾತು ಉರು ಹಚ್ಚುವುದು ನನ್ನ ಕಸುಬಲ್ಲವೇ! "ಅಂಗಳದಾಗ ಹದಿನಾಲ್ಕು ಗಿಡ ಅದಾವ. ಬ್ಯಾಸಿಗಿ ರಜಾಕ ಬಂದು ನೋಡ್ತೀನಿ. ಅವು ಇದ್ರ ನಾನೂ ಇರ್ತೀನಿ. ಇಲ್ಲಂದ್ರ ಸಿರುಗುಪ್ಪದಾಗ ಮನಿ ಮಾಡ್ಯಾಳ ಅಂತ ತಿಳ್ಕೋರಿ." ಇಷ್ಟು ಹೇಳಿ ಕಿಟಕಿಯ ಗಾಜು ಎಳೆದುಕೊಂಡೆ. ರಜೆಗೆ ಇನ್ನು ಹನ್ನೆರಡೇ ದಿನ.

ನನ್ನ ಯಾವ ತಪ್ಪಿಗೆ ನೀನು ಹೋದೆ ಎಂಬುದನ್ನು ಇಲ್ಲಿಯವರೆಗೆ ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಪಕ್ಕದ ಮನೆ ಜಡೆಮ್ಮನಿಗೆ, ಸರ್ಕಾರದ ಹುಕುಂ, ಏನು ಮಾಡುವುದು ಎಂದೆ. ಸಂಕ್ರಾಂತಿಗೆ ನನ್ನ ಕಂಪನಿಯ ಗೆಳೆಯರು ಬಂದಿದ್ದರು. ಅಂಗಳದಲ್ಲಿ ಚಾಪೆ ಹಾಸಿ ಕೂತಿದ್ದೆವು. ಕಂಪನಿ ಬಿಟ್ಟು ಮನೆ ಸೇರಿದ ಮೇಲೆ, ಅದರ ಹಿಂದಿನ ಎರಡು ವರ್ಷ ಅದೇ ಅಂಗಳದಲ್ಲಿ ನಾನು ಗುಲಾಬಿ ಹಚ್ಚಿದೆ, ಹುಲ್ಲುಹಾಸು ಹಾಕಿಸಿದೆ, ನಡುವೆ ಕಾರಂಜಿಗೆ ಗುಂಡಿ ತೋಡಿಸಿದೆ. ನಮ್ಮ ಕಂಪನಿಯ ಉದ್ಯಾನವನದ ಪರದೆಯಲ್ಲಿ ಹೇಗೆ ಬರೆದಿತ್ತೋ ಹಾಗೆಯೇ! ಬಳ್ಳಾರಿ ಬಿಸಿಲು ಅದನ್ನು ಎರಡು ಸಲ ಸುಟ್ಟಿತು. ಆಮೇಲೆ ನೀನು ಕುರುಗೋಡಿನ ತವರಿಗೆ ಹೋಗಿ, ಗುಡ್ಡ ಹತ್ತಿ, ಬಂದರಿಕೆ, ಲೆಕ್ಕಿ, ಬಿಳಿ ಎಕ್ಕ, ಒಂದು ಕವಳಿ ಕಂಟಿ, ಹೀಗೆ ಹದಿನಾಲ್ಕು ಗುಡ್ಡದ ಗಿಡಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆ. ಮೊದಲ ಮಳೆಗೆ ನೆಟ್ಟೆ. ಅವು ಹಿಡಿದುಕೊಂಡವು.

ಹಿಡಿದುಕೊಂಡದ್ದೇ ನನಗೆ ಕಣ್ಣುರಿಯಾಯಿತೇನೋ. ಗೆಳೆಯರ ಮುಂದೆ ರಾಜಠೀವಿಯಲ್ಲಿ ಕೈ ಬೀಸಿದೆ: "ನೋಡ್ರಪ್ಪಾ, ಗುಡ್ಡದ ಕಳಿ-ಕಸ ತಂದು ನನ್ನ ಅಂಗಳ ಅಡವಿ ಮಾಡ್ಯಾಳ! ಇಪ್ಪತ್ತೆರಡು ವರ್ಷ ನಾ ಊರೂರು ತಿರುಗಿದೆ. ಈಕಿ ಈ ಮನ್ಯಾಗ ಕುಂತು ಏನ್ ಮಾಡಿದ್ಲು ಕೇಳ್ರಿ!"

ಅವರು ನಕ್ಕರು. ಒಬ್ಬ 'ಒನ್ಸ್ ಮೋರ್' ಎಂದ. ನಾನು ಇನ್ನೊಮ್ಮೆ ಹೇಳಿದೆ. ನೀನು ಚಹಾದ ಲೋಟ ಇಟ್ಟು ಒಳಗೆ ಹೋದೆ. ಮರುದಿನ ಬೆಳಿಗ್ಗೆ ವರ್ಗಾವಣೆಯ ಅರ್ಜಿ ಬರೆದೆ.

ಹೋಗುವ ಮುಂಚೆ ಗೋಡೆಯ ಮೊಳೆಗೆ ಒಂದು ಕಾಗದ ಚುಚ್ಚಿದ್ದೆಯಲ್ಲ, ಅದು ಈಗ ನನ್ನ ಮುಂದಿದೆ. ನನ್ನದೇ ನಾಟಕದ ಹಳೆಯ ಹ್ಯಾಂಡ್‌ಬಿಲ್ಲು. ಈಚೆ ಬದಿಗೆ ಕಿರೀಟ ಹಾಕಿದ ನನ್ನ ಮೋರೆ, ಆಚೆ ಬದಿಗೆ ನೀನು ಪೆನ್ಸಿಲಿನಿಂದ ಗೆರೆ ಎಳೆದ ಅಂಗಳ. ಗೋಡೆಗುಂಟ ಬಂದರಿಕೆಯ ಸಾಲು, ಬಿಸಿಲು ಬೀಳುವಲ್ಲಿ ಎಕ್ಕ, ಮೂಲೆಯಲ್ಲಿ ಕವಳಿ. ಕೆಳಗೆ ದುಂಡಗಿನ ಅಕ್ಷರದಲ್ಲಿ: "ನೀರು: ಈ ಬೇಸಿಗೆಗೆ ಮಾತ್ರ, ವಾರಕ್ಕೆ ಒಂದು ತಂಬಿಗೆ. ಆಮೇಲೆ ಬೇಡ."

ಅದನ್ನು ಓದಿ ನಾನು ಉರಿದುಹೋದೆ! ಇಂಥ ಗಂಡನ ಕೈಯಿಂದ ಇಷ್ಟಕ್ಕಿಂತ ಹೆಚ್ಚು ಆಗದು ಎಂದು ಬರೆದಂತೆ ಕಂಡಿತು. ಒಂದು ತಂಬಿಗೆಯೇ? ಗವಿಸಿದ್ದಪ್ಪನೆಂದರೆ ಏನೆಂದು ತೋರಿಸುತ್ತೇನೆ ಎಂದು ಕೊಡ ಎತ್ತಿದೆ. ಬೆಳಿಗ್ಗೆ ಗಿಡಕ್ಕೊಂದು ಕೊಡ, ಸಂಜೆ ಗಿಡಕ್ಕೊಂದು ಕೊಡ. ಓಣಿಯ ನಲ್ಲಿಯ ಮುಂದೆ ಹೆಂಗಸರ ಸಾಲು ನಿಂತಿರುವ ಹೊತ್ತಿಗೇ ಹೋಗುತ್ತಿದ್ದೆ. ಬೇಕೆಂದೇ. ಜಡೆಮ್ಮ, "ಏನ್ರಿ ಮಹಾರಾಜರ, ಟೀಚರಮ್ಮ ಇದ್ದಾಗ ಒಂದು ಚರಗಿ ಎತ್ತಿದ್ದು ಕಾಣ್ಲಿಲ್ಲ, ಈಗ ಕೊಡದ ಮ್ಯಾಲೆ ಕೊಡ! ಪಾರ್ಟು ಬದಲಾತೇನು?" ಎಂದು ಕೂಗಿದಳು. ಇಡೀ ಸಾಲು ನಕ್ಕಿತು. ನನಗೆ ಚಪ್ಪಾಳೆ ಬಿದ್ದಂತಾಯಿತು. ಈ ಸುದ್ದಿ ಯಾರ ಬಾಯಿಂದಲಾದರೂ ಸಿರುಗುಪ್ಪಕ್ಕೆ ಮುಟ್ಟಲಿ ಎಂದುಕೊಂಡೆ.

ಇಪ್ಪತ್ತನೆಯ ದಿನ ಎಲೆ ಹಳದಿಯಾದವು. ಬಾಯಾರಿಕೆ ಎಂದು ತಿಳಿದು ಮಧ್ಯಾಹ್ನವೂ ಹಾಕಿದೆ. ಎಲೆ ಉದುರಿದವು. ಇನ್ನೂ ಹಾಕಿದೆ.

ನಿನ್ನೆ ತಡೆಯಲಾರದೆ ಸಂಗನಕಲ್ಲಿನ ಸುಂಕಣ್ಣನನ್ನು ಕರೆಸಿದೆ. ಹೊಲ, ತೋಟ ಎರಡೂ ಬಲ್ಲವನು. ಅಂಗಳಕ್ಕೆ ಕಾಲಿಟ್ಟವನೇ ನಿಂತುಬಿಟ್ಟ. ಚಪ್ಪಲಿ ಕೆಸರಿನಲ್ಲಿ ಹೂತುಹೋಗಿತ್ತು.

"ಯಪ್ಪಾ, ಎಷ್ಟ್ ನೀರು ಹಾಕೀರಿ ಇವಕ್ಕ?"

ಹೇಳಿದೆ. ಅವನು ಮುಂಡಾಸು ಬಿಚ್ಚಿ ಮೆಟ್ಟಿಲ ಮೇಲೆ ಕೂತ.

"ಯಾರ ಮ್ಯಾಲಿನ ಸಿಟ್ಟು ಈ ಬಡವ್ರ ಮ್ಯಾಲೆ ತೀರಿಸ್ಕೊಂಡ್ರಿ?"

"ಸಿಟ್ಟಲ್ಲಲೇ ಸುಂಕಣ್ಣಾ, ಪ್ರೀತಿ! ಪ್ರೀತಿಯಿಂದ ಹಾಕೀನಿ!"

"ಕರಿ ಎರಿ ನೆಲ ರೀ ಇದು. ಕುಡದ್ ನೀರು ಬಿಟ್ಟುಕೊಡಂಗಿಲ್ಲ. ಬೇರಿಗೆ ಉಸಿರಾಡಾಕ ಜಾಗ ಇಲ್ದಂಗ ಮಾಡೀರಿ. ಗುಡ್ಡದಾಗ ಕಲ್ಲಿನ ಸಂದ್ಯಾಗ ಬದುಕೋ ಜೀವ ಇವು. ಬಿಟ್ಟಿದ್ರ ಸಾಕಿತ್ತು, ತಾವ ಬದುಕ್ತಿದ್ದುವು."

ಹೀಗೆ ಹೇಳಿ ಒಂದು ಬಂದರಿಕೆ ಹಿಡಿದು ಎಳೆದ. ದಾಕ್ಷಾಯಣಿ, ಎಳೆಯಲಿಲ್ಲ, ಎತ್ತಿದ. ನೆಲ ಅದನ್ನು ಹಿಡಿದೇ ಇರಲಿಲ್ಲ. ಬೇರು ಕಪ್ಪಗೆ, ನೆನೆದ ಹಗ್ಗದ ಹಾಗೆ ಅವನ ಬೆರಳಿಗೆ ಜಾರಿತು. ಅದರ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ.

ರಂಗದ ಮೇಲೆ ಎಷ್ಟು ಸಲ ಸತ್ತಿದ್ದೇನೆ! ಎದೆಗೆ ಕೈ ಒತ್ತಿ, ಮೂರು ಸುತ್ತು ತಿರುಗಿ, ಹಾರ್ಮೋನಿಯಂ ಏರುತ್ತ ಏರುತ್ತ ಹೋದ ಮೇಲೆ ದೊಪ್ಪನೆ ಬೀಳುತ್ತಿದ್ದೆ. ಇವು ಒಂದು ಸದ್ದು ಮಾಡಲಿಲ್ಲ. ನಾನು ಕೊಡ ಹೊತ್ತು ಮೆರೆಯುವಾಗ ಕಾಲ ಕೆಳಗೇ ಸಾಯುತ್ತಿದ್ದವು. ಸುಂಕಣ್ಣ ಹೋದ ಮೇಲೂ ನಾನು ಆ ಬೇರು ಹಿಡಿದು ನಿಂತೇ ಇದ್ದೆ. ಜಡೆಮ್ಮ ಗೋಡೆಯ ಮೇಲಿಂದ ನೋಡಿದಳು. ಮೊದಲ ಸಲ ಅವಳಿಗೆ ಹಾಸ್ಯ ಹೊಳೆಯಲಿಲ್ಲ. "ಬಿಸಿ ಮುದ್ದಿ ಐತಿ, ಬರ್ರಿ" ಎಂದು ಕರೆದಳು ಅಷ್ಟೆ.

ನಾನು ದೂರ ಇದ್ದಾಗ ಈ ಮನೆಯಲ್ಲಿ ಏನೂ ಸಾಯಲಿಲ್ಲ. ನಾನು ಬಂದು, ಕೂಗಿ, ಸುರಿದು, ಎಲ್ಲವನ್ನೂ ಮುಳುಗಿಸಿದೆ. ನೀನು ಏನು ಮಾಡಿದೆ ಎಂದು ಕೇಳಿದ್ದೆನಲ್ಲ. ನೀನು ಬದುಕಿಸಿ ಇಟ್ಟಿದ್ದೆ ಎಂಬ ಉತ್ತರ ನಿನ್ನೆ ನನ್ನ ಕೈಯಲ್ಲಿ ಕೊಳೆತು ಜೋತಾಡಿತು.

ಬಾ ಎಂದು ಈ ಪತ್ರದಲ್ಲಿ ಬರೆಯುವುದಿಲ್ಲ. ನೀನು ಹಾಕಿದ ಕರಾರು ನಾನು ಮುರಿದಿದ್ದೇನೆ. ರಜೆಗೆ ಮುಂಚೆ ಅಂಥವೇ ಗಿಡ ತಂದು ಅದೇ ಗುಂಡಿಗಳಲ್ಲಿ ನಿಲ್ಲಿಸಿ ನಿನ್ನನ್ನು ನಂಬಿಸಬಹುದೆಂದು ನಿನ್ನೆ ಒಂದು ಗಳಿಗೆ ಯೋಚಿಸಿದೆ. ಅದನ್ನೂ ಹೇಳಿಬಿಡುತ್ತೇನೆ. ವೇಷ ಹಾಕಿದ್ದು ಸಾಕು.

ಇತಿ, ವೇಷ ಕಳಚಿದ ನಿನ್ನ
ಗವಿಸಿದ್ದಪ್ಪ

ತಾ. ಕ.: ಹಿಂದಿನ ಗೋಡೆಯ ಆಚೆ, ಓಣಿಯ ಕಡೆ, ಒಂದು ತಂಗಡಿ ಗಿಡವಿದೆ. ನನ್ನ ಕೊಡ ಅಲ್ಲಿಗೆ ಮುಟ್ಟಿರಲಿಲ್ಲ. ಇವತ್ತು ನೋಡಿದರೆ ಮೈತುಂಬ ಹಳದಿ ಹೂವು! ನಿನ್ನ ಕಾಗದದಲ್ಲಿ ಅದರ ಗುರುತಿಲ್ಲ. ನೀನು ಯಾವಾಗ ನೆಟ್ಟೆ? ಹತ್ತಿರ ಹೋಗಲು ಹೆದರಿಕೆಯಾಗಿ ದೂರದಿಂದ ನೋಡಿ ಬಂದೆ.

---

ಸಿರುಗುಪ್ಪ
೨-೪-೧೯೭೬

ಮನೆಯವರಿಗೆ ನಮಸ್ಕಾರಗಳು.

ಪತ್ರ ಓದಿದೆ. ಹಿಂದಿನ ಎರಡನ್ನು ನಾನು ನಂಬಿರಲಿಲ್ಲ. ಎಕ್ಕ, ಬಂದರಿಕೆ ಇರುವ ಅಂಗಳ ನಂದನವನದಂತೆ ಕಾಣುವುದಿಲ್ಲ. ಕಾರ್ಡಿನಲ್ಲಿ ಜಾಗ ಕಡಿಮೆ, ಆದ್ದರಿಂದ ಬೈಗುಳ ಬಿಟ್ಟು ಕೆಲಸ ಬರೆಯುತ್ತೇನೆ. ಸತ್ತವನ್ನು ಕಿತ್ತು ಗುಂಡಿಗಳನ್ನು ತೆರೆದೇ ಬಿಡಿ, ಬಿಸಿಲು ಬೀಳಲಿ. ಸುಂಕಣ್ಣನಿಗೆ ಹೇಳಿ ನೀರು ಬಸಿಯುವಂತೆ ಒಂದು ಬಂಡಿ ಗರಸು ಕಲ್ಲು ಹಾಕಿಸಿ. ಮಳೆಗೆ ಮುಂಚೆ ಮಣ್ಣಿಗೆ ಬೆರೆಸಬೇಕು. ಕುರುಗೋಡಿನ ಗುಡ್ಡ ಎಲ್ಲಿಗೂ ಹೋಗಿಲ್ಲ. ಈ ಸಲ ಗೋಣಿ ನೀವು ಹೊರಬೇಕು. ಒಂಬತ್ತನೇ ತಾರೀಖಿನ ಬೆಳಗಿನ ಬಸ್ಸಿಗೆ ಬರುತ್ತೇನೆ. ಸ್ಟ್ಯಾಂಡಿನಲ್ಲಿ ಜೋರಾಗಿ ಕೂಗಬೇಡಿ.

ದಾಕ್ಷಾಯಣಮ್ಮ

ತಾ. ಕ.: ಆ ತಂಗಡಿ ನಾನು ನೆಟ್ಟದ್ದಲ್ಲ. ಮದುವೆಯಾದ ವರ್ಷ ಅವ್ವ ಕೊಟ್ಟ ಸಸಿಯನ್ನು ನೀವೇ ನನ್ನ ಕೈಯಿಂದ ಕಸಿದು, ಗೋಡೆಯಾಚೆ ಊರಿ, ಕಾಲಿನಿಂದ ಮಣ್ಣೊತ್ತಿ, ಕಂಪನಿಯ ಬಸ್ಸಿಗೆ ಓಡಿದಿರಿ. ನೀರು ಹಾಕಲು ಮರೆತಿರಿ. ಅದು ಹೇಗೆ ಬದುಕಿತೆಂದು ನೋಡಿಕೊಂಡೇ ಉಳಿದ ಹದಿನಾಲ್ಕನ್ನು ಆರಿಸಿದ್ದೆ.