ಒಲೆಯ ಬಳಿ ಕೂತವಳನ್ನು ಕೇಳಿ

ಫೆಬ್ರವರಿ ೩೪, ೨೨೯೬
ತಿಪಟೂರು

ಪೂಜ್ಯ ಮಂದಾಕಿನಿಯವರಿಗೆ,

ದಿನಾಂಕ ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ತಿಂಗಳುಗಳು ಉದ್ದ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಮಿಕ್ಕ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ, ಕೇಳಬೇಕಾದವರು ನೀವು.

ನಿಮ್ಮ ಬದುಕು ನಮ್ಮ ಮಕ್ಕಳಿಗೆ ಮಗ್ಗಿಯಷ್ಟೇ ಬಾಯಿಪಾಠ. ಕಾಲೇಜಿನಲ್ಲಿ ಪಾಠ ಮುಗಿಸಿ, ಕೊಡೆ ಹಿಡಿದು, ಊರಿನ ಒಂದೊಂದೇ ಮನೆಗೆ ಊಟಕ್ಕೆ ಹೋದವರು ನೀವು. ಯಾರು ಮೊದಲು ಉಣ್ಣುತ್ತಾರೆ, ಯಾರು ಬಡಿಸುತ್ತಾರೆ, ಯಾರಿಗೆ ತಳ ಉಳಿಯುತ್ತದೆ ಎಂಬುದನ್ನು ನೋಡಿದರೆ ಸಮಾಜ ತಾನಾಗಿ ಕಾಣುತ್ತದೆ ಎಂದಿರಿ. ಆ ಯೋಚನೆಯಿಂದ ಹುಟ್ಟಿದ ಪಂಕ್ತಿಶಾಸ್ತ್ರಕ್ಕೆ ನೀವೇ ತಾಯಿ. ಉಂಡ ತಟ್ಟೆಯನ್ನು ತೊಳೆದಿಟ್ಟು, ಜಗಲಿಯಲ್ಲಿ ಕೂತು, ಮನೆಯವರು ಕೇಳಿದ್ದಕ್ಕೆಲ್ಲ ಉತ್ತರಿಸುತ್ತಿದ್ದಿರಂತೆ: ಮದುವೆ ಯಾಕೆ ಆಗಲಿಲ್ಲ, ಸಂಬಳ ಎಷ್ಟು, ಗೊರಕೆ ಹೊಡೆಯುತ್ತೀರಾ. ಆಮೇಲೆ ನೀವು ಅವರನ್ನು ಕೇಳುತ್ತಿದ್ದಿರಿ. ಹುಡುಗಿಯಾಗಿದ್ದಾಗ ಇದನ್ನು ಓದಿ ನಿಮ್ಮನ್ನು ತುಂಬಾ ಹಚ್ಚಿಕೊಂಡಿದ್ದೆ.

ಈಗ ಪ್ರತಿ ಮನೆಯಲ್ಲೂ ಊಟದ ಹೊತ್ತಿಗೆ ಒಂದು ತಟ್ಟೆ ಹೆಚ್ಚು ಇಡಬೇಕು. ಅದು ಪಂಕ್ತಿಗಣ್ಣಿನದು, ಎಂದರೆ ನಿಮ್ಮ ಶಿಷ್ಯರ ಪರಂಪರೆ ನಡೆಸುವ ಪಂಕ್ತಿಶಾಸ್ತ್ರ ಮಂಡಳಿ ಕಳಿಸುವ ಅಧಿಕಾರಿಯದು. ಆತ ಹುರುಳಿಸಾರು ಸುರಿದುಕೊಂಡು ಉಂಡು, ಎಲ್ಲರನ್ನೂ ನೋಡಿ, ತುಟಿ ಬಿಚ್ಚದೆ ಎದ್ದುಹೋಗುತ್ತಾನೆ. ತಟ್ಟೆ ನಾವು ತೊಳೆಯಬೇಕು. ಪಂಕ್ತಿಯಿಂದ ಹೊರಗುಳಿದವರು ಕಂಡರೆ ಅವರನ್ನು ಬೇರೆ ಊರಿನ ಮನೆಗೆ ಸೇರಿಸುತ್ತಾರೆ; ಇದಕ್ಕೆ 'ಬಿಡುಗಡೆ' ಎಂದು ಹೆಸರು. ಹೊಡೆತ ತಿನ್ನುತ್ತಿದ್ದ ಎಷ್ಟೋ ಹೆಂಗಸರು ಹೀಗೆ ಬದುಕಿಕೊಂಡರು, ಅದನ್ನು ಇಲ್ಲವೆನ್ನುವುದಿಲ್ಲ.

ನಮ್ಮಮ್ಮ ಎಲ್ಲರಿಗೂ ಬಡಿಸಿ, ಕೊನೆಗೆ ಒಲೆಯ ಬಳಿ ಒಬ್ಬಳೇ ಕೂತು, ಪಾತ್ರೆಯ ತಳ ಹತ್ತಿದ ಸೀಕಲು ಕೆರೆದು ತಿನ್ನುತ್ತಿದ್ದಳು. ಸೀಕಲೆಂದರೆ ಅವಳಿಗೆ ಪ್ರಾಣ. ನಾವೋ ಬಾಯಿ ಮುಚ್ಚದವರು. ಆ ಒಂದು ಗಳಿಗೆಯ ಮೌನವೂ ಅವಳಿಗೆ ಬೇಕಿತ್ತು. ಪಂಕ್ತಿಗಣ್ಣು ನೋಡಿದ, ಮರುವಾರ ಬಂಡಿ ಬಂತು. ಹತ್ತುವಾಗ ಅಮ್ಮ ಹೇಳಿದ್ದಿಷ್ಟೇ: "ಒಂದ್ ಮಾತು ನನ್ನ ಕೇಳಿದ್ರೆ ಇವ್ರ ಗಂಟೇನು ಹೋಗ್ತಿತ್ತು?"

ಮಂಡಳಿಗೆ ಹೋಗಿ ಕೂಗಾಡಿದೆ. ನಿಮ್ಮ ಶಿಷ್ಯರು ನಿಮ್ಮ ಮಾತನ್ನು ಕೆಡಿಸಿದ್ದಾರೆ ಎಂದೇ ನಂಬಿದ್ದೆ. ಅವರು ನಗುತ್ತಾ ನಿಮ್ಮ ಕೊನೆಯ ಪುಸ್ತಕ ತೆರೆದು ತೋರಿಸಿದರು: 'ಉಣ್ಣುವವರಿಗೆ ತಮ್ಮ ಸ್ಥಿತಿ ತಾವೇ ತಿಳಿಯದು, ಅವರನ್ನು ಕೇಳಬೇಕಾಗಿಲ್ಲ.' ನನಗೆ ಕೈಕೊಟ್ಟವರು ಮಂಡಳಿಯವರಲ್ಲ, ನೀವು. ಅಂದು ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು.

ಕಾಲ ದಾಟಿ ಈ ಕಾಗದ ನಿಮ್ಮ ಕೈ ಸೇರುವ ದಿನವನ್ನು ನಾನು ಬೇಕೆಂದೇ ಆರಿಸಿದ್ದೇನೆ: ಆ ಸಾಲನ್ನು ನೀವು ಇವತ್ತು ಸಂಜೆ ಬರೆಯುತ್ತೀರಿ. ಮಧ್ಯಾಹ್ನ ಉಂಡ ಮನೆಯಲ್ಲಿ ಒಬ್ಬಾಕೆ ಒಲೆಯ ಬಳಿ ಒಂಟಿಯಾಗಿ ಕೂತಿದ್ದನ್ನು ಕಂಡಿರಿ. ಮೊಣಕಾಲು ನೋವೆಂದು, ಮೊದಲ ಸಲ, ಜಗಲಿಯಲ್ಲಿ ಕೂರದೆ ಬಂದುಬಿಟ್ಟಿರಿ. ನಿಮ್ಮ ಚರಿತ್ರೆಯಲ್ಲಿ ಅದೂ ಇದೆ. ದಯವಿಟ್ಟು ವಾಪಸ್ ಹೋಗಿ. ಆಕೆ ಹಸಿದಿರಬಹುದು, ನೊಂದಿರಬಹುದು, ಸುಖವಾಗಿಯೂ ಇರಬಹುದು, ನನಗೂ ಗೊತ್ತಿಲ್ಲ. ಪಕ್ಕದಲ್ಲಿ ಕೂತು ಕೇಳಿ.

ನಮ್ಮ ಮನೆಯಲ್ಲಿ ಈಗ ಪಂಕ್ತಿಗಣ್ಣಿಗೆ ತಟ್ಟೆಯಿದೆ, ಅಮ್ಮನಿಗಿಲ್ಲ. ಸೀಕಲನ್ನು ನೆನೆಹಾಕಿ ತೊಳೆದು ಚೆಲ್ಲುತ್ತೇವೆ.

ಒಂದು ಕಾಲದಲ್ಲಿ ನಿಮ್ಮವಳಾಗಿದ್ದ,
ಹೊಂಬಾಳೆ