ಸಿಲೋನಿಗೆ ನನ್ನ ಕಾರು

1983 ಏಪ್ರಿಲ್ 24, ಭಾನುವಾರ

ಹೊಸ ಕಾರು ತೊಳೆದೆ. ಮೋಡ ಕಟ್ಟಿತ್ತು, ಆದರೂ ತೊಳೆದೆ. ಗುರುಬಸಮ್ಮ ಜಗಲಿಯಿಂದಲೇ, "ಆ ಕಾರ್‌ನೇ ಕಟ್ಕೋಬೇಕಿತ್ತು ನೀವು" ಅಂದಳು. ಹೆಂಡತಿಗೆ ಅನ್ನುವ ಹಕ್ಕಿದೆ.

ಸಂಜೆ ಪಕ್ಕದ ತೋಟದ ಮಾಧವೇಟ್ಟ ಕುಂಟುತ್ತಾ ಬಂದರು. ಕೊಲಂಬೋದ ಹೋಟೆಲಿನಲ್ಲಿ ದುಡಿದವರು. ಅಲ್ಲಿಯ ಸಂಸಾರ ಅಲ್ಲೇ ಬಿಟ್ಟು ಬಂದು ಮೂವತ್ತು ವರ್ಷ. ಹೆಂಡತಿ ತೀರಿಕೊಂಡಳು. ಮಗಳು ಕಾರ್ತು, ಆಗ ನಾಲ್ಕು ವರ್ಷದ ಕೂಸು, ಈಗ ತಮಿಳರವನ ಹೆಂಡತಿ, ಅಲ್ಲೇ ಅಂಗಡಿ. ಸಾಯುವ ಮೊದಲು ನೋಡಬೇಕಂತೆ. ಜೊತೆಗೆ ಬಾ ಅಂದರು. ಕಾರಲ್ಲೇ ಹೋಗೋಣ, ಸಿಲೋನೆಲ್ಲ ಸುತ್ತೋಣ ಅಂದವನು ನಾನೇ.

ಮೇ 3

ಪಾಸ್‌ಪೋರ್ಟು ಕೈಯಲ್ಲಿದೆ. ದಾಟುವುದು ಎಲ್ಲಿಂದ ಅನ್ನುವುದೇ ಜಗಳ.

ರಾಮೇಶ್ವರದ ಬೋಟಿನಲ್ಲಾದರೆ ಕೆಲವೇ ಗಂಟೆ. ಆದರೆ ಕಾರು ಮಂಡಪಂನಲ್ಲೇ ಬಿಡಬೇಕು, ಮುಂದೆ ರಸ್ತೆಯೇ ಇಲ್ಲ, ರೈಲು. ತೂತುಕುಡಿಯಲ್ಲಾದರೆ ಸಾಮಾನಿನ ಹಡಗು. ಕಾರನ್ನು ಕ್ರೇನಿನಲ್ಲಿ ಎತ್ತಿ ಇಡುತ್ತಾರಂತೆ. ಕಾಗದಪತ್ರಕ್ಕೆ ಎರಡು ತಿಂಗಳು ಬೇಕು ಅಂತ ಅಲ್ಲಿಯ ಏಜೆಂಟ್ ಬರೆದಿದ್ದಾನೆ.

"ರಾಮೇಶ್ವರಂ ಆದ್ರೆ ಮುಂದಿನ ವಾರ ಮೋಳ್‌ನ, ನನ್ ಮಗಳ ಮುಖ ನೋಡ್ಬಹುದು," ಅಂದರು ಮಾಧವೇಟ್ಟ. "ಅಲ್ಲಿ ಟ್ಯಾಕ್ಸಿ ಸಿಗ್ತದೆ."

"ಬಾಡಿಗೆ ಕಾರಲ್ಲಿ ಕೂರೋಕೆ ಅಷ್ಟು ದೂರ ಹೋಗ್ಬೇಕಾ ಮಾಧವೇಟ್ಟ?"

ಹೊಸ ಜಿಲ್ಲೆಯ ಆಫೀಸಿನಲ್ಲಿ ರಿಜಿಸ್ಟರ್ ಆದ ಕಾರು. ವಯನಾಡಿನ ನಂಬರ್ ಪ್ಲೇಟು ಸಮುದ್ರದಾಚೆ ಓಡಬೇಕು! ಹಟ ಹಿಡಿದೆ, ಗೆದ್ದೆ. ಅವರು ಬೀಡಿ ಹಚ್ಚಿಕೊಂಡು, "ಸಾರಮಿಲ್ಲ, ಪರ್ವಾಗಿಲ್ಲ. ಮೂವತ್ತು ವರ್ಷ ಕಾದೋನಿಗೆ ಎರಡ್ ತಿಂಗ್ಳೇನು" ಅಂದರು.

ಜುಲೈ 8

ಕಾಗದ ಬಂತು. ಹದಿನಾಲ್ಕಕ್ಕೆ ಹಡಗು, ಹನ್ನೆರಡಕ್ಕೆ ಇಲ್ಲಿಂದ ಹೊರಡಬೇಕು.

ಗುರುಬಸಮ್ಮ ಪಂಚಾಂಗ ತಂದು ಮುಂದಿಟ್ಟಳು. "ಹನ್ನೊಂದಕ್ಕೆ ಆಷಾಢ. ಹೊಸ ಕಾರು, ನೀರ್ ದಾಟೋ ಪಯಣ. ಏನ್ ಬುದ್ಧಿ ನೆಟ್ಟಗಿದ್ದದಾ ನಿಮ್ಗೆ?"

ಮಾಧವೇಟ್ಟ, "ನಮ್ಮ ಮಲಯಾಳಿಗಳ ಕೆಟ್ಟ ತಿಂಗ್ಳು ಕರ್ಕಿಡಕ ಹದಿನೇಳಕ್ಕೆ. ಅಷ್ಟ್ರಲ್ಲಿ ಕೊಲಂಬೋದಲ್ಲಿರ್ತೀವಿ" ಅಂದರು.

ಅವಳ ಆಷಾಢವೂ ಕಳೆಯಲಿ, ನಿಮ್ಮ ಕರ್ಕಿಡಕವೂ ಕಳೆಯಲಿ, ಆಗಸ್ಟ್ ಹದಿನೆಂಟಕ್ಕೆ ಹೊರಡೋಣ ಅಂದೆ. ನ್ಯಾಯ ಹೇಳಿದವನ ಠೀವಿ ಬೇರೆ. ನಿಜ ಬರೆಯುತ್ತೇನೆ — ನನಗೂ ಭಯವಿತ್ತು. ಕ್ರೇನಿನ ಹಗ್ಗ ಹರಿದರೆ? ಕಾರಿನ ಗತಿ?

"ಹಾಗಾದ್ರೆ ನಾನೊಬ್ನೇ ರಾಮೇಶ್ವರದಿಂದ ಹೋಗ್ಲಾ?" ಕೇಳಿದರು. ಆ ಕಾಲು ಇಟ್ಕೊಂಡು ಒಬ್ಬರೇ ಹೇಗೆ, ಅಂತ ಗದರಿದೆ. ಆಗಸ್ಟಿಗೆ ಬರ್ತೀವಿ ಅಂತ ಕಾರ್ತುಗೆ ತಂತಿ ಕೊಟ್ಟು ಬಂದೆವು.

ಜುಲೈ 27

ಕೊಲಂಬೋ ಉರಿಯುತ್ತಿದೆಯಂತೆ. ತಮಿಳರ ಅಂಗಡಿ, ಮನೆ... ರೇಡಿಯೋದಲ್ಲಿ ಮೂರು ದಿನದಿಂದ ಅದೇ.

ಮುಳ್ಳನ್‌ಕೊಲ್ಲಿ ಪೇಟೆಯಲ್ಲಿ ಸಿಕ್ಕವರೆಲ್ಲ ಕೈಹಿಡಿದು, ಹೋಗದೆ ಬದುಕಿದಿರಿ ಅನ್ನುತ್ತಾರೆ. ಗುರುಬಸಮ್ಮ ತುಪ್ಪದ ದೀಪ ಹಚ್ಚಿದಳು. ನಾನೂ ಅದನ್ನೇ ಹೇಳೋಣವೆಂದು ಮಾಧವೇಟ್ಟನ ಮನೆಗೆ ಹೋದೆ. ಥೂ, ನನ್ನ ನಾಲಗೆಗಿಷ್ಟು!

"ದೇವ್ರು ಕಾಪಾಡ್ದ ಮಾಧವೇಟ್ಟ."

ರೇಡಿಯೋದ ಸದ್ದು ಸಣ್ಣ ಮಾಡಿದರು. "ಮೇ ತಿಂಗ್ಳಲ್ಲಿ ಹೋಗಿದ್ರೆ ಅವಳನ್ನೂ ಮಕ್ಕಳನ್ನೂ ಕರ್ಕೊಂಡು ಬರ್ತಿದ್ದೆ. ಅವಳೇ ಬರೆದಿದ್ಲು, ಅಚ್ಚನ್, ನೀವು ಬಂದ್ರೆ ಜೊತೇಲೇ ಬರ್ತೀನಿ, ಇಲ್ಲಿ ಇರೋಕೆ ಭಯ ಆಗ್ತದೆ ಅಂತ."

"ನಂಗ್ಯಾಕೆ ಹೇಳ್ಲಿಲ್ಲ?"

"ಕಾರಲ್ಲಿ ಜಾಗ ಸಾಲಲ್ಲ ಅಂತೀಯೇನೋ ಅಂತ..."

ಎದ್ದು ಬಂದೆ.

ಆಗಸ್ಟ್ 18

ಕಾರ್ತುವಿನ ಕಾಗದವಿಲ್ಲ. ತಂತಿಗೆ ಉತ್ತರವಿಲ್ಲ.

ಬೆಳಗ್ಗೆ ಮಾಧವೇಟ್ಟ ಚೀಲ ಹಿಡಿದು ಬಂದು ಮುಂದಿನ ಸೀಟಿನಲ್ಲಿ ಕೂತರು. ಬೋಟಿನಲ್ಲಿ ಜನ ರಾಮೇಶ್ವರಕ್ಕೆ ಓಡಿ ಬರುತ್ತಿದ್ದಾರಂತೆ. "ಮಂಡಪಂವರೆಗೆ ಬಿಡು, ಸಾಕು."

ಗುರುಬಸಮ್ಮ ರೊಟ್ಟಿ ಕಟ್ಟಿಕೊಟ್ಟಳು.

ಆಗಸ್ಟ್ 20, ರಾಮೇಶ್ವರ

ಕಾರನ್ನು ಮಂಡಪಂನಲ್ಲಿ ಒಂದು ಮರದಡಿ ಬಿಟ್ಟು ರೈಲು ಹತ್ತಿದೆವು. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ನೆನಪಿಲ್ಲ.

ಬೋಟಿನಿಂದ ಇಳಿದವರಿಗೆಲ್ಲ ಮಾಧವೇಟ್ಟ ಫೋಟೋ ತೋರಿಸುತ್ತಾರೆ. ಅವರ ಹತ್ತಿರ ಇರುವುದು ಅದೊಂದೇ — ನಾಲ್ಕು ವರ್ಷದ ಕಾರ್ತು, ಎರಡು ಜಡೆ. ಜನ ನೋಡುತ್ತಾರೆ, ತಲೆ ಅಲ್ಲಾಡಿಸಿ ಹೋಗುತ್ತಾರೆ.

"ಎದುರಿಗೇ ಬಂದ್ರೂ ನಂಗೆ ಗುರ್ತು ಸಿಗ್ತದಾ ಶಿವನಂಜಪ್ಪ?"

ತಪ್ಪು ನನ್ನದು ಮಾಧವೇಟ್ಟ, ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಬೋಟು ಬಂತು ಅಂದರು. ಆ ಕಾಲಿನಲ್ಲೇ ಓಡಿದರು. ನಾನು ಇಲ್ಲಿ ಕೂತು ಬರೆಯುತ್ತಿದ್ದೇನೆ. ಸಂಜೆ ಹೇಗಾದರೂ ಮಾಡಿ ಹೇಳಿಬಿಡಬೇಕು, ಮಾಧವೇಟ್ಟ, ನಾನು ಅವತ್ತು —