ಸಾಯಬಣ್ಣನ ಬಾಗಿಲಿನ ಬಳೆ

ಆಂಟಾಪ್ ಹಿಲ್
೯ ಫೆಬ್ರವರಿ ೨೦೨೫

ಪ್ರೀತಿಯ ದಾನವ್ವ,

ವಿಕ್ರೋಳಿಯ ನಿನ್ನ ವಿಳಾಸವನ್ನು ನಿನ್ನ ತಮ್ಮನಿಂದ ಸುಳ್ಳು ಹೇಳಿ ಪಡೆದೆ. ಮದುವೆ ಕಾರ್ಡು ಕಳಿಸಬೇಕು ಎಂದೆ. ಯಾರ ಮದುವೆ ಎಂದು ಅವನು ಕೇಳಲಿಲ್ಲ. ನನಗೀಗ ಅರವತ್ತೆಂಟು. ಬಾಯಲ್ಲಿ ಹಲ್ಲಿಲ್ಲ, ಗೋಡೆ ಮೇಲೆ ಹಲ್ಲಿ ಇದೆ. ನನ್ನ ಮಾತಿಗೆ ಲೊಚಗುಟ್ಟುವುದು ಅದೊಂದೇ.

ನಮ್ಮ ಎಂಬತ್ತೆರಡರ ಮಿಲ್ ಸಂಪಿನ, ಆ ಮುಷ್ಕರದ ಮೇಲೆ ಸಂದೀಪ ಎಂಬ ಹುಡುಗ ಸಿನಿಮಾ ತೆಗೆದಿದ್ದಾನೆ. ಶುಕ್ರವಾರ ಬಿಡುಗಡೆ. ಎರಡು ವರ್ಷದ ಹಿಂದೆ ನಮ್ಮ ಚಾಳಿನ ಕಥೆ ಕೇಳಿಕೊಂಡು ಬಂದಿದ್ದ, ಬಾಯಿಗೆ ಬಂದದ್ದು ಹೇಳಿದ್ದೆ. ನಿನ್ನೆ ಅಂಧೇರಿಗೆ ಕರೆಸಿ ತೋರಿಸಿದ. ಅದರಲ್ಲಿ ನೀನಿದ್ದೀ, ನಾನಿದ್ದೇನೆ, ಲೋಕಲ್ ಟ್ರೇನಿನಲ್ಲಿ ನಮಗೊಂದು ಹಾಡೂ ಇದೆ. ನಿಮ್ಮಪ್ಪ ಸಾಯಬಣ್ಣನವರೂ ಇದ್ದಾರೆ, ಸಂಪ್ ಮುರಿದು ಕದ್ದು ಮಿಲ್ಲಿಗೆ ಹೋಗುವವರಾಗಿ. ಅವರ ಬಾಗಿಲಿಗೆ ಜನ ಬಳೆ ಕಟ್ಟುತ್ತಾರೆ. ಥೇಟರೆಲ್ಲ ನಗುತ್ತದೆ.

ಆ ಬಳೆ ಕಟ್ಟಿದ್ದು ಜನ ಅಲ್ಲ. ನಾನು.

ನಿನಗೆ ಗೊತ್ತಲ್ಲ, ಆಗ ಯಾರ ಬಾಗಿಲಲ್ಲಿ ಹಸಿರು ಬಳೆ ಕಂಡಿತೋ ಅವನು ಮಿಲ್ಲಿನೊಳಗೆ ಹೋದ ಎಂದೇ ಅರ್ಥ. ಕಟ್ಟಿದವರು ಯಾರೆಂದು ಒಬ್ಬರೂ ಕೇಳುತ್ತಿರಲಿಲ್ಲ. ನಿಮ್ಮಪ್ಪ ದಿನಾ ಬೆಳಗ್ಗೆ ಡಬ್ಬಿ ಹಿಡಿದು ಹೊರಡುವುದನ್ನು ನೋಡಿ ತಮಾಷೆಗೆ ಕಟ್ಟಿದೆ. ಒಂದಿಷ್ಟು ನಕ್ಕು ಬಿಚ್ಚಿಬಿಡೋಣ ಎಂದುಕೊಂಡೆ. ಮಧ್ಯಾಹ್ನಕ್ಕೇ ನಿಮಗೆ ನಲ್ಲಿ ಬಂದ್ ಆಯಿತು, ಮಾತೂ ಬಂದ್ ಆಯಿತು. ನೀನು ಮೆಟ್ಟಿಲಲ್ಲಿ ನನ್ನ ಅಂಗಿ ಹಿಡಿದು ನಿಲ್ಲಿಸಿದೆ.

“ಭೀಮ್ಯಾ, ಅಪ್ಪ ಎಲ್ಲಿ ಹೋಗ್ತಾನಂತ ಹೇಳಾಂಗಿಲ್ಲ, ಆಣಿ ಹಾಕ್ಯಾನ. ಮಿಲ್ಲಿಗಿ ಹೋಗಿಲ್ಲಂತ ನೀನರ ಒಂದ್ ಮಾತ್ ಹೇಳು.”

“ನನ್ ಮಾತಿಗಿ ಮಂದಿ ಬರೇ ನಗ್ತಾರ” ಎಂದು ಕೊಸರಿಕೊಂಡು ಇಳಿದುಹೋದೆ.

ನಾಲ್ಕನೆಯ ದಿನ ನಿಮ್ಮ ಹಾಸಿಗೆ, ಪಾತ್ರೆ ಕೈಗಾಡಿ ಏರಿದವು. ಎರಡು ವರ್ಷಕ್ಕೆ ನಿಮ್ಮಪ್ಪ ಹೋದರು. ಹೊರಲು ಚಾಳಿನಿಂದ ಒಂದು ಹೆಗಲೂ ಬರಲಿಲ್ಲ, ನನ್ನದೂ ಸೇರಿ. ಸಂಪ್ ಮುಗಿಯಲೇ ಇಲ್ಲ. ನಾವು ಮಾತ್ರ ಸಂಪೂರ್ಣ ಮುಗಿದೆವು.

ನಿನ್ನೆ ಸಂದೀಪನಿಗೆ ಎಲ್ಲ ಹೇಳಿದೆ. ಸಾಯಬಣ್ಣನವರು ಹೋಗುತ್ತಿದ್ದದ್ದು ಮಲಾಡಿನ ಉಡುಪಿ ಹೋಟೆಲಿಗೆ, ಕಪ್ಪು ಬಸಿ ತೊಳೆಯಲಿಕ್ಕೆ. ಇಡೀ ಮಿಲ್ಲಿಗೆ ಹೆಸರಾದ ನೇಕಾರ, ಅದನ್ನು ಹೇಳಿಕೊಳ್ಳಲು ನಾಚಿದರು. ನನಗೂ ತಡವಾಗಿಯೇ ತಿಳಿಯಿತು ಎಂದೆ. ಅವನು ಫೋನಿನಿಂದ ಕಣ್ಣೆತ್ತಲಿಲ್ಲ.

“ಕಾಕಾ, ಈಗ ಚೇಂಜ್ ಆಗಲ್ಲ. ಆ ಸೀನಿಗೇ ತಾಲಿ ಬೀಳ್ತಾ ಇದೆ.”

ಅವನ ಹಿಂದಿಯಲ್ಲಿ ಅದು ಚಪ್ಪಾಳೆ. ನನ್ನ ಕೈಯಿಂದ ನಿನಗೆ ಬೀಳದ ತಾಳಿ ಅವನಿಗೆ ಬಿತ್ತು ನೋಡು.

ನಿನ್ನ ಮೊಮ್ಮಕ್ಕಳು ಇದನ್ನು ನೋಡೇ ನೋಡುತ್ತಾರೆ. ಮುತ್ತಜ್ಜ ದ್ರೋಹಿ ಎಂದು ಅವರ ತಲೆಯಲ್ಲಿ ಕೂರುವ ಮೊದಲು ಈ ಪತ್ರ ಓದಿ ಹೇಳು. ಅವರು ಒಳಗೆ ಹೋಗಿರಲಿಲ್ಲ. ಭೀಮರಾಯ ಎಂಬ ಮೂರ್ಖನ ತಮಾಷೆ ಅದು ಎಂದು ಹೇಳು. ಕೆಳಗೆ ಸಹಿ ಹಾಕಿದ್ದೇನೆ.

ಇಂತು, ನಿನ್ನವನಾಗದೆ ಉಳಿದ,
ಭೀಮರಾಯ

ತಾ.ಕ.: ತಮಾಷೆ ಎಂದದ್ದು ಸುಳ್ಳು. ಬಳೆ ಕಟ್ಟಿದ ಹಿಂದಿನ ದಿನ ನಿನ್ನನ್ನು ನನಗೆ ಕೊಡಿ ಎಂದು ಕೇಳಲು ನಿಮ್ಮಪ್ಪನ ಹಿಂದೆಯೇ ಮಲಾಡಿನ ತನಕ ಹೋಗಿದ್ದೆ. ತೊಳೆಯುತ್ತಿದ್ದ ಕಪ್ಪು ಕೆಳಗಿಟ್ಟು, ಮಿಲ್ಲಿನಲ್ಲಿ ಖಾಯಂ ಆಗದ ಬದಲಿ ಕೆಲಸದವನಿಗೆ ಮಗಳನ್ನು ಕೊಡುವುದಿಲ್ಲ ಎಂದರು. ಇದಿಷ್ಟನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಮಕ್ಕಳಿಗೆ ನೀನು ಮೊದಲಿನ ಹಾಳೆಯನ್ನಷ್ಟೇ ಓದಿ ಹೇಳಲಿ ಎಂದು ಈಗಲೂ ಆಸೆ.